ಮೊದಲ ಹೆಲಿಕಾಪ್ಟರ್ ಯಾರದು? ಗದಗಿನಲ್ಲಿ ಅಚ್ಚಾಗಬಹುದಾದ ಒಂದು ಪುಸ್ತಕದ ಲೆಕ್ಕಾಚಾರ

ಚುನಾವಣೆ ಬಂತೆಂದರೆ ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾವುದಾದರೂ ಮೈದಾನದಲ್ಲಿ ಸುಣ್ಣದ ವೃತ್ತ ಬೀಳುತ್ತದೆ. ನಾಯಕರು ಬರುವ ಎಷ್ಟೋ ಹೊತ್ತಿಗೆ ಮುಂಚೆಯೇ ಜನ ಸೇರಿರುತ್ತಾರೆ. ಬಂದಿರುವುದು ಹೆಲಿಕಾಪ್ಟರ್ ನೋಡಲು, ಭಾಷಣ ಸುಮ್ನೆ ನೆಪ. ಇಷ್ಟು ಕುತೂಹಲ ಹುಟ್ಟಿಸುವ ಯಂತ್ರ ಹೇಗೆ ಹುಟ್ಟಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ ಸಾಲು: ಲಿಯೊನಾರ್ಡೊ ಡ ವಿಂಚಿ ಚಿತ್ರ ಬರೆದ, ಸಿಕೋರ್ಸ್ಕಿ ಹಾರಿಸಿದ. ಇವರಿಬ್ಬರ ನಡುವೆ ನಾನೂರೈವತ್ತು ವರ್ಷ ಇದೆ. ಆ ನಡುವೆ ಹತ್ತಾರು ಜನ ಯಂತ್ರ ಕಟ್ಟಿದರು, ಮುರಿದರು, ಸಾಲ ಮಾಡಿದರು, ಸುಳ್ಳನ್ನೂ ಹೇಳಿದರು.

ಆ ಕಥೆಯನ್ನು ಪುಸ್ತಕ ಮಾಡಬೇಕು, ಬೇಕಾದರೆ ಸ್ವಂತ ಖರ್ಚಿನಲ್ಲಿ ತರಬೇಕು ಎನ್ನುವವರಿಗೆ ಈ ಬರಹ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಯಂತ್ರ ಗೊತ್ತು. ತೊಡಕಾಗುವುದು ಎರಡು ಕಡೆ: ಹಳೆಯ ಕಾಗದವನ್ನು ಎಷ್ಟು ನಂಬಬೇಕು, ಪುಸ್ತಕವನ್ನು ಅಚ್ಚಿಗೆ ಹೇಗೆ ಕಳಿಸಬೇಕು.

ಯಾರು ಮೊದಲು ಎಂಬ ಜಗಳ

1907ರ ಫ್ರಾನ್ಸಿಗೆ ಹೋಗೋಣ. ಡುಎ ಎಂಬ ಊರಿನಲ್ಲಿ ಬ್ರೆಗೆ ಅಣ್ಣತಮ್ಮಂದಿರು ಪ್ರೊಫೆಸರ್ ಶಾರ್ಲ್ ರಿಶೆ ಜೊತೆ ಸೇರಿ ನಾಲ್ಕು ರೋಟರಿನ, ಅಂದರೆ ಸುತ್ತುವ ರೆಕ್ಕೆಗಳ ನಾಲ್ಕು ಚಕ್ರಗಳಿದ್ದ ಯಂತ್ರ ಕಟ್ಟಿದರು. ಅದು ಒಬ್ಬ ಮನುಷ್ಯನನ್ನು ಹೊತ್ತು ನೆಲದಿಂದ ಸುಮಾರು 60 ಸೆಂಟಿಮೀಟರ್ ಮೇಲೆದ್ದಿತು. ಆದರೆ ಅದು ವಾಲದಂತೆ ನಾಲ್ಕು ಜನ ಒಂದೊಂದು ಮೂಲೆ ಹಿಡಿದು ನಿಂತಿದ್ದರು. ಅದೇ ವರ್ಷ ನವೆಂಬರ್ 13ರಂದು ನಾರ್ಮಂಡಿಯ ಲಿಸಿಯೊ ಹತ್ತಿರ, ಸೈಕಲ್ ತಯಾರಿಸುತ್ತಿದ್ದ ಪಾಲ್ ಕೋರ್ನ್ಯೂ ತನ್ನ ಯಂತ್ರ ಯಾರ ಆಸರೆಯೂ ಇಲ್ಲದೆ ಒಂದು ಅಡಿಯಷ್ಟು ಎದ್ದು 20 ಸೆಕೆಂಡು ನಿಂತಿತು ಎಂದು ಹೇಳಿಕೊಂಡ. ಬಹಳ ಕಾಲ ಪುಸ್ತಕಗಳು ಕೋರ್ನ್ಯೂನನ್ನೇ ಮೊದಲಿಗ ಎಂದು ಬರೆದವು. ಒಂದರಿಂದ ಇನ್ನೊಂದು ನಕಲು ಮಾಡಿತು, ಅಷ್ಟೇ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬಹುದು. ಕೋರ್ನ್ಯೂ ಯಂತ್ರದ ತೂಕ ಅವನನ್ನೂ ಸೇರಿಸಿ ಸುಮಾರು 260 ಕಿಲೋ. ಸುಮಾರು 6 ಮೀಟರ್ ವ್ಯಾಸದ ಎರಡು ರೋಟರ್. ಎಂಜಿನ್ 24 ಎಚ್‌ಪಿ. ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ ಯಂತ್ರ ಮೇಲೇಳುತ್ತದೆ. ಎತ್ತಬೇಕಾದ ಭಾರ ಎಷ್ಟು, ತಳ್ಳುವ ಗಾಳಿಯ ಹರವು ಎಷ್ಟು, ಇವೆರಡು ಗೊತ್ತಿದ್ದರೆ ಬೇಕಾಗುವ ಕನಿಷ್ಠ ಶಕ್ತಿ ಸಿಗುತ್ತದೆ. ಭಾರವನ್ನು ನ್ಯೂಟನ್‌ನಲ್ಲಿ ಹಿಡಿದು ಅದರ ಒಂದೂವರೆ ಘಾತ ತೆಗೆಯಿರಿ. ಗಾಳಿಯ ಸಾಂದ್ರತೆ, ರೋಟರುಗಳ ಒಟ್ಟು ವಿಸ್ತೀರ್ಣ, ಎರಡು, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದು ಅದರಿಂದ ಭಾಗಿಸಿ. ಉತ್ತರ ವ್ಯಾಟ್‌ನಲ್ಲಿ ಸಿಗುತ್ತದೆ, ಅದನ್ನು ಎಚ್‌ಪಿಗೆ ತಿರುಗಿಸಿದರೆ ಕೋರ್ನ್ಯೂ ಯಂತ್ರಕ್ಕೆ ಸುಮಾರು 15 ಎಚ್‌ಪಿ ಬರುತ್ತದೆ.

ಹಾಗಾದರೆ 24 ಸಾಕಲ್ವಾ? ಸಾಕಾಗುವುದಿಲ್ಲ. 15 ಎನ್ನುವುದು ಏನೂ ಪೋಲಾಗದ, ಕಾಗದದ ಮೇಲಿನ ರೋಟರಿಗೆ. ಇವತ್ತಿನ ಒಳ್ಳೆಯ ರೋಟರಿನಲ್ಲೂ ಐದನೇ ಒಂದು ಭಾಗವೋ ಕಾಲು ಭಾಗವೋ ಪೋಲಾಗುತ್ತದೆ. ಕೋರ್ನ್ಯೂ ರೋಟರಿನಲ್ಲಿ ಇದ್ದದ್ದು ಅಂಚಿನಲ್ಲಿ ಕೂರಿಸಿದ ಮೊಂಡು ಹಲಗೆಯಂಥ ರೆಕ್ಕೆಗಳು. ಅರ್ಧ ಪೋಲಾಯಿತು ಎಂದು ಹಿಡಿದರೂ 30 ಎಚ್‌ಪಿ ಬೇಕು. ಅದರ ಮೇಲೆ ಎಂಜಿನ್ನಿನಿಂದ ರೋಟರಿಗೆ ಶಕ್ತಿ ಸಾಗಿಸುತ್ತಿದ್ದದ್ದು ಜಾರುವ ಬೆಲ್ಟು. ನೆಲಕ್ಕೆ ತೀರಾ ಹತ್ತಿರ ಇದ್ದಾಗ ಸ್ವಲ್ಪ ಕಡಿಮೆ ಶಕ್ತಿ ಸಾಕಾಗುತ್ತದೆ, ನಿಜ. ಒಂದು ಕ್ಷಣ ಜಿಗಿದಿರಬಹುದು. 20 ಸೆಕೆಂಡು ನಿಂತಿತು ಎನ್ನುವುದು ನಂಬಲು ಕಷ್ಟ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿದ್ದ ಗಾರ್ಡನ್ ಲೀಶ್‌ಮನ್ ಇದೇ ದಾರಿಯಲ್ಲಿ ವಿವರವಾಗಿ ಲೆಕ್ಕ ಹಾಕಿ ಕೋರ್ನ್ಯೂ ಹೇಳಿಕೆಯನ್ನು ಪ್ರಶ್ನಿಸಿದರು.

ಹೆಲಿಕಾಪ್ಟರ್ ಚರಿತ್ರೆ ಬರೆಯುವವರಿಗೆ ಇರುವ ದೊಡ್ಡ ಅನುಕೂಲ ಇದೇ. ರಾಜರ ಚರಿತ್ರೆಯಲ್ಲಿ ಒಂದು ಶಾಸನ ಸುಳ್ಳು ಹೇಳಿದರೆ ಹಿಡಿಯಲು ಇನ್ನೊಂದು ಶಾಸನ ಬೇಕು. ಇಲ್ಲಿ ಯಂತ್ರದ ತೂಕ, ವ್ಯಾಸ, ಎಂಜಿನ್ ಸಿಕ್ಕರೆ ಧಾರವಾಡದ ಮನೆಯಲ್ಲಿ ಕೂತು ಕ್ಯಾಲ್ಕುಲೇಟರಿನಲ್ಲೇ ಸಾಕ್ಷಿಯನ್ನು ಪರೀಕ್ಷಿಸಬಹುದು. ಈ ಕೆಲಸ ಮಾಡದ ಪುಸ್ತಕ ಬರೀ ದಿನಾಂಕಗಳ ಪಟ್ಟಿ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಬರೆಯಲು ಕೂರುವ ಮೊದಲು ಹಾರಾಟ ಎಂದರೆ ಏನು ಎಂದು ನೀವೇ ತೀರ್ಮಾನಿಸಿಕೊಳ್ಳಬೇಕು. ನೆಲ ಬಿಟ್ಟರೆ ಸಾಕು ಎಂದರೆ 1907ರ ಬ್ರೆಗೆ ಯಂತ್ರ. ಒಂದು ಸುತ್ತು ಹೊಡೆದು ಹೊರಟ ಜಾಗಕ್ಕೆ ಬರಬೇಕು ಎಂದರೆ ಎತಿಯೆನ್ ಓಮಿಶೆನ್, 1924ರ ಮೇ 4: ಒಂದು ಕಿಲೋಮೀಟರ್, 7 ನಿಮಿಷ 40 ಸೆಕೆಂಡು. ಹೇಳಿದ ಮಾತು ಕೇಳುವ, ನೆಚ್ಚಿಕೊಳ್ಳಬಹುದಾದ ಯಂತ್ರ ಬೇಕು ಎಂದರೆ 1936ರ ಜೂನಿನಲ್ಲಿ ಹಾರಿದ ಜರ್ಮನಿಯ ಫೋಕೆವುಲ್ಫ್ ಎಫ್‌ಡಬ್ಲ್ಯು 61. ಅದನ್ನು 1938ರಲ್ಲಿ ಹನ್ನಾ ರೈಚ್ ಎಂಬಾಕೆ ಬರ್ಲಿನ್ನಿನ ಒಂದು ಸಭಾಂಗಣದ ಒಳಗೇ ಹಾರಿಸಿ ತೋರಿಸಿದಳು. ಈಗ ಎಲ್ಲೆಲ್ಲೂ ಕಾಣುವ, ಮೇಲೊಂದು ದೊಡ್ಡ ರೋಟರ್, ಬಾಲದಲ್ಲೊಂದು ಚಿಕ್ಕದು ಇರುವ ರೂಪವನ್ನು ಗೆಲ್ಲಿಸಿದವರು ಯಾರು ಎಂದರೆ ಸಿಕೋರ್ಸ್ಕಿ. ನಾಲ್ಕೂ ಸರಿಯಾದ ಉತ್ತರಗಳೇ.

ಮೂವತ್ತು ವರ್ಷ ಯಾಕೆ ಬೇಕಾಯಿತು

ರೈಟ್ ಸೋದರರ ವಿಮಾನ 1903ರಲ್ಲಿ ಹಾರಿತು. ಹತ್ತೇ ವರ್ಷದಲ್ಲಿ ವಿಮಾನಗಳು ಊರಿಂದೂರಿಗೆ ಹೋಗುತ್ತಿದ್ದವು. ಹೆಲಿಕಾಪ್ಟರ್ ಮಾತ್ರ 1936ರವರೆಗೆ ಎಡವುತ್ತಲೇ ಇತ್ತು. ಓದುಗರು ಮೊದಲು ಕೇಳುವ ಪ್ರಶ್ನೆ ಇದು. ಪುಸ್ತಕದ ಬೆನ್ನೆಲುಬೂ ಇದೇ ಆಗಬೇಕು.

ಎಂಜಿನ್ ಒಂದು ಕಾರಣ. ವಿಮಾನದ ರೆಕ್ಕೆ ಓಡುತ್ತಾ ಎತ್ತುತ್ತದೆ, ಅದಕ್ಕೆ ಕಡಿಮೆ ಶಕ್ತಿ ಸಾಕು. ನಿಂತಲ್ಲೇ ಎತ್ತಲು ಜಾಸ್ತಿ ಬೇಕು. ಹಗುರವಾಗಿಯೂ ಬಲವಾಗಿಯೂ ಇರುವ ಎಂಜಿನ್ ಮೊದಲ ಮಹಾಯುದ್ಧದ ಹೊತ್ತಿಗಷ್ಟೇ ಬಂತು. ಎರಡನೆಯದು ತಿರುಚುವ ಬಲ, ಎಂಜಿನಿಯರುಗಳ ಬಾಯಲ್ಲಿ ಟಾರ್ಕ್. ರೋಟರ್ ಒಂದು ಕಡೆ ತಿರುಗಿದರೆ ಕೆಳಗಿನ ಒಡಲು ಇನ್ನೊಂದು ಕಡೆ ತಿರುಗಲು ಹೊರಡುತ್ತದೆ. ಅದಕ್ಕೇ ಹಳಬರೆಲ್ಲ ಎದುರುಬದುರು ತಿರುಗುವ ಎರಡು ಅಥವಾ ನಾಲ್ಕು ರೋಟರ್ ಇಟ್ಟರು. ಬಾಲದ ರೋಟರನ್ನು ರಷ್ಯಾದ ಬೋರಿಸ್ ಯೂರಿಯೆವ್ 1912ರ ಹೊತ್ತಿಗೇ ತನ್ನ ಯಂತ್ರದಲ್ಲಿ ಹಾಕಿದ್ದ.

ಮೂರನೆಯ ತೊಡಕು ಎಲ್ಲಕ್ಕಿಂತ ಚೆಂದದ್ದು. ಯಂತ್ರ ಮುಂದಕ್ಕೆ ಹೋಗಲು ಶುರು ಮಾಡಿದ ಕೂಡಲೇ ಒಂದು ಬದಿಗೆ ಮಗುಚಿಬೀಳುತ್ತಿತ್ತು. ರೆಕ್ಕೆಯ ತುದಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ತಿರುಗುತ್ತಿದೆ, ಯಂತ್ರ 20 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದೆ ಎಂದುಕೊಳ್ಳಿ. ಮುಂದಕ್ಕೆ ಬೀಸುವ ರೆಕ್ಕೆಗೆ ತಾಗುವ ಗಾಳಿ 120, ಹಿಂದಕ್ಕೆ ಸರಿಯುವ ರೆಕ್ಕೆಗೆ 80. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 120ರ ವರ್ಗ 14,400, 80ರ ವರ್ಗ 6,400. ಒಂದು ಬದಿಗೆ ಎರಡು ಪಟ್ಟಿಗೂ ಜಾಸ್ತಿ ಎತ್ತುವಿಕೆ. ಮಗುಚದೆ ಇನ್ನೇನಾಗುತ್ತದೆ?

ಇದನ್ನು ಬಿಡಿಸಿದವನು ಹೆಲಿಕಾಪ್ಟರ್ ಕಟ್ಟುತ್ತಲೇ ಇರಲಿಲ್ಲ. ಸ್ಪೇನಿನ ಹ್ವಾನ್ ದೆ ಲಾ ಸಿಯರ್ವಾ ಕಟ್ಟುತ್ತಿದ್ದದ್ದು ಆಟೊಜೈರೊ. ಅದರ ಮುಂದುಗಡೆ ಸಾಮಾನ್ಯ ವಿಮಾನದ ಪ್ರೊಪೆಲ್ಲರ್. ಮೇಲಿನ ರೋಟರಿಗೆ ಎಂಜಿನ್ನಿನ ಸಂಪರ್ಕವಿಲ್ಲ, ಕಪ್ಪತಗುಡ್ಡದ ಗಾಳಿಯಂತ್ರಗಳ ಹಾಗೆ ಗಾಳಿಯೇ ಅದನ್ನು ತಿರುಗಿಸುತ್ತದೆ. ಅವನ ಮೊದಲ ಯಂತ್ರಗಳು ಮಗುಚಿದವು. ಆದರೆ ಅವನು ಮಾಡಿದ ಚಿಕ್ಕ ಮಾದರಿ ಚೆನ್ನಾಗಿ ಹಾರುತ್ತಿತ್ತು. ಕಾರಣ ಹುಡುಕಿದಾಗ ತಿಳಿದದ್ದು, ಮಾದರಿಯ ರೆಕ್ಕೆಗಳು ಬಾಗುತ್ತಿದ್ದವು. ಜಾಸ್ತಿ ಬಲ ಬಿದ್ದ ಕಡೆ ರೆಕ್ಕೆ ಮೇಲಕ್ಕೆ ಸರಿದು ಬಲವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಿತ್ತು. ಸಿಯರ್ವಾ ದೊಡ್ಡ ಯಂತ್ರದ ರೆಕ್ಕೆಗಳ ಬುಡಕ್ಕೆ ಕೀಲು ಹಾಕಿದ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಹತ್ತಿರದ ಹೆತಾಫೆಯಲ್ಲಿ ಅವನ ಸಿ.4 ಮಗುಚದೆ ಹಾರಿತು. ಮುಂದೆ ಹೆಲಿಕಾಪ್ಟರ್ ಕಟ್ಟಿದವರೆಲ್ಲ ಈ ಕೀಲಿಗೆ ಋಣಿ. ನೀವು ಪುಸ್ತಕ ಬರೆದರೆ ಇವನಿಗೆ ಒಂದು ಇಡೀ ಅಧ್ಯಾಯ ಕೊಡಿ, ಪುಟ ಕಡಿಮೆ ಬಿದ್ದರೆ ಡ ವಿಂಚಿಯದನ್ನು ಕತ್ತರಿಸಿ.

ಉಳಿದದ್ದು ಹತೋಟಿ. ರೋಟರ್ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರತಿ ರೆಕ್ಕೆಯ ಓರೆಯನ್ನು ಬದಲಾಯಿಸುತ್ತಾ ಹೋದರೆ ಯಂತ್ರವನ್ನು ಬೇಕಾದ ಕಡೆ ವಾಲಿಸಬಹುದು. ಅರ್ಜೆಂಟೀನಾದ ಪೆಸ್ಕಾರಾ ಇದನ್ನು ಬಳಸಿ 1924ರ ಏಪ್ರಿಲ್ 18ರಂದು 736 ಮೀಟರ್ ಹಾರಿದ. ಇಟಲಿಯ ದಸ್ಕಾನಿಯೊ 1930ರಲ್ಲಿ ರೋಮ್ ಹತ್ತಿರ 18 ಮೀಟರ್ ಎತ್ತರಕ್ಕೆ ಏರಿಸಿದ. ಈ ದಸ್ಕಾನಿಯೊ ಯುದ್ಧ ಮುಗಿದ ಮೇಲೆ ವಿನ್ಯಾಸ ಮಾಡಿದ ಇನ್ನೊಂದು ವಾಹನವನ್ನು ನೀವು ನೋಡಿಯೇ ಇರುತ್ತೀರಿ. ಅದು ವೆಸ್ಪಾ ಸ್ಕೂಟರ್.

ಧಾರವಾಡದಲ್ಲಿ ಕೂತು ಪ್ಯಾರಿಸ್ಸಿನ ಕಾಗದ ಓದುವುದು

ಇಪ್ಪತ್ತೈದು ವರ್ಷದ ಹಿಂದೆ ಈ ವಿಷಯಕ್ಕೆ ಯುರೋಪಿಗೆ ಹೋಗದೆ ಗತ್ಯಂತರ ಇರಲಿಲ್ಲ. ಈಗ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಸಂಗ್ರಹದಲ್ಲಿ ಆ ಕಾಲದ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅಮೆರಿಕದ ನಾಸಾಗೆ ಮುಂಚೆ ಇದ್ದ ನಾಕಾ ಸಂಸ್ಥೆ ಯುರೋಪಿನ ತಾಂತ್ರಿಕ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿ ಹಂಚುತ್ತಿತ್ತು. ಅವೂ ನಾಸಾ ಜಾಲತಾಣದಲ್ಲಿವೆ. ಫ್ರೆಂಚ್ ಬರದವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಅನುವಾದದ ಆ್ಯಪ್ ಫ್ರೆಂಚ್ ವಾಕ್ಯದ ಸಾರ ಕೊಡುತ್ತದೆ. ಆದರೆ ಅಂಕಿ, ಅಳತೆ, ತಾರೀಕನ್ನು ಮೂಲ ಪುಟದಲ್ಲೇ ಕಣ್ಣಿಟ್ಟು ನೋಡಬೇಕು.

ಪೇಟೆಂಟ್ ಕಾಗದಗಳು ಇನ್ನೊಂದು ಖಜಾನೆ. ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಎಂಬ ಜಾಲತಾಣಗಳೆರಡರಲ್ಲೂ ಹೆಸರು ಹಾಕಿ ಹುಡುಕಬಹುದು. ಚಿತ್ರಗಳು ಸೊಗಸಾಗಿರುತ್ತವೆ, ಯಂತ್ರದ ಹೊಟ್ಟೆಯೊಳಗೆ ಏನಿತ್ತು ಎಂದು ತೋರಿಸುತ್ತವೆ. ಒಂದು ಎಚ್ಚರಿಕೆ ಇರಲಿ: ಪೇಟೆಂಟ್ ಇದೆ ಎಂದರೆ ಯಂತ್ರ ಹಾರಿತು ಎಂದರ್ಥವಲ್ಲ. ಸಿಕೋರ್ಸ್ಕಿ ತನ್ನ ಹೆಲಿಕಾಪ್ಟರ್ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ. ಅವನ ವಿಎಸ್-300 ಹೆಲಿಕಾಪ್ಟರ್ ಹಗ್ಗ ಕಟ್ಟಿಸಿಕೊಂಡು ನೆಲ ಬಿಟ್ಟದ್ದು 1939ರ ಸೆಪ್ಟೆಂಬರ್ 14ರಂದು, ಹಗ್ಗ ಬಿಚ್ಚಿ ಹಾರಿದ್ದು 1940ರ ಮೇ 13ರಂದು. ಕೀವ್ ನಗರದಲ್ಲಿ ಅವನು ಮೊದಲ ಸಲ ಪ್ರಯತ್ನಿಸಿ ಸೋತದ್ದು 1909ರಲ್ಲಿ. ನಾಲ್ಕರಲ್ಲಿ ಯಾವ ತಾರೀಕು ಹಾಕುತ್ತೀರಿ ಎನ್ನುವುದರ ಮೇಲೆ ಇಡೀ ಕಥೆ ಬದಲಾಗುತ್ತದೆ.

ತಾರೀಕುಗಳು ಒಂದಕ್ಕೊಂದು ಹೊಂದುವುದಿಲ್ಲ, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬ್ರೆಗೆ ಯಂತ್ರಕ್ಕೆ ಕೆಲವು ಪುಸ್ತಕಗಳಲ್ಲಿ 1907ರ ಆಗಸ್ಟ್ 24 ಇದೆ, ಕೆಲವದರಲ್ಲಿ ಸೆಪ್ಟೆಂಬರ್ 29. ಸಿಯರ್ವಾನ ಸಿ.4ಗೆ ಜನವರಿ 9 ಎಂದೂ ಇದೆ, 17 ಎಂದೂ ಇದೆ. ಇಂಥಲ್ಲಿ ಸರಾಸರಿ ತೆಗೆಯಲು ಬರುವುದಿಲ್ಲ. ಘಟನೆ ನಡೆದ ವಾರದಲ್ಲೇ ಬರೆದ ವರದಿಗೆ ಹೆಚ್ಚು ತೂಕ ಕೊಡಿ, ಎರಡನ್ನೂ ಓದುಗರ ಮುಂದಿಡಿ, ನಿಮಗೆ ಯಾವುದು ಸರಿ ಅನಿಸುತ್ತದೆ, ಯಾಕೆ ಎಂದು ಹೇಳಿ. ನೆನಪಿನಿಂದ ಮೂವತ್ತು ವರ್ಷದ ಮೇಲೆ ಬರೆದ ಆತ್ಮಕಥೆ ಓದಲು ಚೆಂದ. ತಾರೀಕಿಗೆ ಅದನ್ನು ನೆಚ್ಚಿಕೊಳ್ಳಬಾರದು.

ಕನ್ನಡದಲ್ಲಿ ಬರೆಯುವವರು ಇಂಗ್ಲಿಷ್ ಪುಸ್ತಕದ ಕ್ರಮವನ್ನೇ ಹಿಡಿಯಬೇಕಿಲ್ಲ. ನಮ್ಮ ದೇಶಕ್ಕೆ ಸೇರಿದ ಒಂದು ದೊಡ್ಡ ಅಧ್ಯಾಯ ಇದೆ. 1944ರ ಏಪ್ರಿಲಿನಲ್ಲಿ ಬರ್ಮಾದ ಕಾಡಿನಲ್ಲಿ, ಜಪಾನೀ ಸೈನ್ಯದ ನಡುವೆ, ಒಂದು ಚಿಕ್ಕ ವಿಮಾನ ಬಿತ್ತು. ಒಳಗೆ ಅಮೆರಿಕದ ಪೈಲಟ್, ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರು. ಅಸ್ಸಾಮಿನ ಲಾಲಾಘಾಟ್‌ನಿಂದ ಕಾರ್ಟರ್ ಹಾರ್ಮನ್ ಸಿಕೋರ್ಸ್ಕಿಯ ವೈಆರ್-4 ಹೆಲಿಕಾಪ್ಟರ್ ತೆಗೆದುಕೊಂಡು ಹೊರಟ. ಅದರಲ್ಲಿ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಕರೆತರಬಹುದಿತ್ತು. ಸೆಕೆಗೆ ಗಾಳಿ ತೆಳುವಾಗಿ ರೋಟರಿಗೆ ಹಿಡಿತ ಸಿಗುತ್ತಿರಲಿಲ್ಲ, ಎಂಜಿನ್ ಕುದಿಯುತ್ತಿತ್ತು. ಎರಡು ದಿನದಲ್ಲಿ, ನಾಲ್ಕು ಸಲ ಹೋಗಿ ನಾಲ್ವರನ್ನೂ ತಂದ. ಯುದ್ಧದಲ್ಲಿ ಹೆಲಿಕಾಪ್ಟರಿನಿಂದ ನಡೆದ ಮೊದಲ ರಕ್ಷಣೆ ಅದು. ಅಲ್ಲಿಂದ 1954ರಲ್ಲಿ ವಾಯುಪಡೆಗೆ ಬಂದ ಎಸ್-55, ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ ಚೇತಕ್, 2023ರಲ್ಲಿ ಉದ್ಘಾಟನೆಯಾದ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆವರೆಗೆ ದಾರಿ ನೇರವಾಗಿದೆ. ಮರತಹಳ್ಳಿ ಹತ್ತಿರದ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಹೋಗಿ ರೋಟರಿನ ಬುಡವನ್ನು ಹತ್ತಿರದಿಂದ ನೋಡಿ ಬನ್ನಿ. ಕೀಲು, ಓರೆ ಇದೆಲ್ಲ ಚಿತ್ರದಲ್ಲಿ ಅರ್ಥವಾಗದ್ದು ಅಲ್ಲಿ ಅರ್ಥವಾಗುತ್ತದೆ.

ಫೋಟೋ ಯಾರದು?

ಹಳೆಯ ಫೋಟೋ ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಹಾಕುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಹಕ್ಕು ಇರುವುದು ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. 2012ರ ತಿದ್ದುಪಡಿಯ ಮೇಲೆ ಫೋಟೋಗಳಿಗೂ ಇದೇ ನಿಯಮ. ಯುರೋಪಿನಲ್ಲಿ ಅದು 70 ವರ್ಷ. ಪುಸ್ತಕ ಹೊರದೇಶಕ್ಕೂ ಹೋಗುವುದಾದರೆ ಅಲ್ಲಿಯ ನಿಯಮವನ್ನೂ ನೋಡಬೇಕು. ಗ್ಯಾಲಿಕಾದಲ್ಲಿ ಆ ಕಾಲದ ಸುದ್ದಿಚಿತ್ರ ಸಂಸ್ಥೆಗಳ ಫೋಟೋಗಳಿವೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ಇವೆ. ಪ್ರತಿ ಚಿತ್ರದ ಪಕ್ಕದಲ್ಲಿ ಬಳಕೆಯ ಷರತ್ತು ಬರೆದಿರುತ್ತದೆ. ಅದನ್ನು ಚಿತ್ರದ ಜೊತೆಗೇ ಉಳಿಸಿಟ್ಟುಕೊಳ್ಳಿ. ಘಟನೆ, ತಾರೀಕು, ಅಳತೆ ಇವುಗಳ ಮೇಲೆ ಯಾರಿಗೂ ಹಕ್ಕಿಲ್ಲ. ಇನ್ನೊಬ್ಬರ ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸಿ ಹಾಕಿದರೆ ಅದು ಅನುವಾದ, ಒಪ್ಪಿಗೆ ಬೇಕೇ ಬೇಕು.

ಪ್ರೆಸ್ಸಿಗೆ ಹೋಗುವ ಮುಂಚೆ

ಗದಗನ್ನು ಮುದ್ರಣ ಕಾಶಿ ಎಂದು ಕರೆಯುವುದು ಸುಮ್ನೆ ಅಲ್ಲ. ಪುಸ್ತಕದ ಕೆಲಸಕ್ಕೆ ಬೇಕಾದ ಕೈಗಳೆಲ್ಲ ಅಲ್ಲಿ ಸಿಗುತ್ತವೆ. ಅಲ್ಲಿ ಎದುರಾಗುವ ಮೊದಲ ಪ್ರಶ್ನೆ "ಎಷ್ಟ್ ಕಾಪಿ ಹಾಕಸ್ತೀರಿ ಸರ?" ಎಂಬುದು. ಎರಡನೆಯದನ್ನು ಬಾಯಿಬಿಟ್ಟು ಕೇಳದಿದ್ದರೂ ಮುಖದಲ್ಲಿ ಕಾಣುತ್ತದೆ: "ಇದನ್ನ ಯಾರ್ ಓದ್ತಾರ್ರಿ?"

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಓದುಗರು ಕಡಿಮೆ, ಆದ್ದರಿಂದ ಪ್ರತಿ ಕಡಿಮೆ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಿಸುವ ಖರ್ಚು ಹತ್ತು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹೀಗಾಗಿ ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ ಲಾಭ, ಸಂಖ್ಯೆ ಏರಿದಂತೆ ಆಫ್‌ಸೆಟ್ ಲಾಭ. ಡೆಮಿ 1/8 ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು. 240 ಪುಟ ಎಂದರೆ ಸರಿಯಾಗಿ 15 ಫಾರಂ. 243 ಆಯಿತೋ, ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಹೋಗುತ್ತದೆ. ಕರಡು ತಿದ್ದುವಾಗ ಇದು ತಲೆಯಲ್ಲಿರಲಿ. ಪೇಟೆಂಟ್ ಚಿತ್ರಗಳು ಬರೀ ಗೆರೆ, ಸಾದಾ ಮ್ಯಾಪ್‌ಲಿಥೊ ಕಾಗದದಲ್ಲೇ ಚೆನ್ನಾಗಿ ಬರುತ್ತವೆ. ಫೋಟೋಗಳನ್ನು ಒಟ್ಟಿಗೆ ಸೇರಿಸಿ ನುಣುಪಾದ ಆರ್ಟ್ ಪೇಪರಿನ ಒಂದೇ ಫಾರಂ ಮಾಡಿದರೆ ಖರ್ಚು ಹಿಡಿತದಲ್ಲಿರುತ್ತದೆ.

ಕನ್ನಡ ಪುಸ್ತಕಕ್ಕೆ ಮಾತ್ರ ಬರುವ ಒಂದು ತಲೆನೋವಿದೆ. ನೀವು ಟೈಪ್ ಮಾಡಿರುವುದು ಯುನಿಕೋಡ್‌ನಲ್ಲಿ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಯುನಿಕೋಡ್ ಅಲ್ಲದ ನುಡಿ ಫಾಂಟು, ಹಳೆಯ ಪೇಜ್‌ಮೇಕರ್ ತಂತ್ರಾಂಶ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಂದರಲ್ಲಿ ಕೆಡುತ್ತವೆ. ಸಿಕೋರ್ಸ್ಕಿ, ಕೋರ್ನ್ಯೂ ಥರದ ಹೆಸರು ತುಂಬಿದ ಪುಸ್ತಕಕ್ಕೆ ಇದು ಶನಿಕಾಟ. ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡ ಕೂರಿಸಬಲ್ಲವರನ್ನು ಮೊದಲೇ ಹುಡುಕಿಕೊಳ್ಳಿ. ಎರಡು ರೂಪಾಯಿ ಜಾಸ್ತಿ ಆದರೂ ಚಿಂತೆಯಿಲ್ಲ. ಬದಲಾಯಿಸಲೇಬೇಕಾಗಿ ಬಂದರೆ ಆಮೇಲೆ ಇನ್ನೊಮ್ಮೆ ಪೂರ್ತಿ ಪ್ರೂಫ್ ಓದಿ. ಕೊನೆಗೆ ಹೆಸರುಗಳ ಸೂಚಿ ಹಾಕಿ. ಸೂಚಿ ಇಲ್ಲದ ಚರಿತ್ರೆ ಪುಸ್ತಕವನ್ನು ಯಾವ ಗ್ರಂಥಪಾಲಕರೂ ಇಷ್ಟಪಡುವುದಿಲ್ಲ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಪಡೆಯಲು ಏಜೆಂಟರಿಗೆ ದುಡ್ಡು ಕೊಡಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುವ ರಾಜಾ ರಾಮಮೋಹನ ರಾಯ್ ಹೆಸರಿನ ಐಎಸ್‌ಬಿಎನ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅಚ್ಚಾದ ಪುಸ್ತಕಕ್ಕೆ ಒಂದು ಸಂಖ್ಯೆ, ಇ-ಪುಸ್ತಕ ತಂದರೆ ಅದಕ್ಕೆ ಬೇರೆಯೇ ಸಂಖ್ಯೆ.

ಈಗ ದುಡ್ಡಿನ ಮಾತು. 300 ಪ್ರತಿ ಹಾಕಿಸಿದಿರಿ, ಪ್ರತಿಗೆ 120 ರೂಪಾಯಿ ಬಿತ್ತು ಎಂದುಕೊಳ್ಳಿ. ಒಟ್ಟು 36,000. ಬೆಲೆ 300 ಇಟ್ಟಿರಿ. ಅಂಗಡಿಯವರು ಮೂರನೇ ಒಂದು ಭಾಗ ಹಿಡಿದುಕೊಂಡರೆ ನಿಮ್ಮ ಕೈಗೆ 200. ಅಂದರೆ 180 ಪ್ರತಿ ಮಾರಾಟವಾದಾಗ ಅಸಲು ಬರುತ್ತದೆ. ಮಿಕ್ಕ 120ರಲ್ಲಿ ಗೌರವ ಪ್ರತಿ, ಪತ್ರಿಕೆಗಳಿಗೆ, ನೆಂಟರಿಗೆ ಎಂದು ಎಷ್ಟು ಹೋಗುತ್ತದೋ ನಿಮ್ಮ ಸಂಕೋಚದ ಮೇಲೆ ನಿಂತಿದೆ. ನೇರವಾಗಿ ಮಾರಿದರೆ ಪೂರ್ತಿ 300 ಸಿಗುತ್ತದೆ. ಅದಕ್ಕೇ ಮುಂಗಡ ಬುಕಿಂಗ್ ಒಳ್ಳೆಯದು. ಇದು ನಮ್ಮ ಕಡೆಗೆ ಹೊಸದೇನಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿ ಬೆಳೆದದ್ದೇ ಚಂದಾದಾರರ ಬಲದಿಂದ. ಹಾವೇರಿ ಸೀಮೆಯ ಗಳಗನಾಥರಂತೂ ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಸುತ್ತಿ ಮಾರಿದವರು. ಇಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯ, ಐಟಿಐಗಳು, ವಾಯುಪಡೆಯಿಂದ ನಿವೃತ್ತರಾದವರ ಬಳಗ, ನಿಮ್ಮ ಓದುಗರು ಅಲ್ಲಿದ್ದಾರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ, ಕನ್ನಡ ಪುಸ್ತಕ ಪ್ರಾಧಿಕಾರ ಇವುಗಳ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಿ. ಆದರೆ ಆ ದುಡ್ಡನ್ನು ನಂಬಿ ಪ್ರೆಸ್ಸಿನ ಬಿಲ್ಲಿಗೆ ತಾರೀಕು ಕೊಡಬೇಡಿ.

ಪುಸ್ತಕ ಹೊರಬಂದ 30 ದಿನದೊಳಗೆ ನಾಲ್ಕು ಪ್ರತಿ ಕಳಿಸುವುದು 1954ರ ಕಾಯ್ದೆಯ ಪ್ರಕಾರ ಪ್ರಕಾಶಕರ ಹೊಣೆ: ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು. ಅಂಚೆ ಖರ್ಚೂ ನಿಮ್ಮದೇ. ಲೇಖಕರೇ ಪ್ರಕಾಶಕರಾದಾಗ ಇದನ್ನು ಮರೆಯುವವರು ಜಾಸ್ತಿ. ಆ ನಾಲ್ಕು ಪ್ರತಿಗಳನ್ನು ಬೈಂಡಿಂಗ್‌ನಿಂದ ಬಂದ ದಿನವೇ ಬೇರೆ ಎತ್ತಿಡಿ, ಬಿಡುಗಡೆ ಸಮಾರಂಭದ ಮೇಜಿಗೆ ಹೋದರೆ ವಾಪಸ್ ಬರುವುದಿಲ್ಲ.